ವಿಜ್ಞಾನದ ಹಾದಿಯಲ್ಲಿ ಗುರುಶಿಷ್ಯರ ಮಾತುಕತೆ

"ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು" ಎಂಬ ಮಾತು ನಮ್ಮ ಮನೆಮನೆಗಳಲ್ಲಿ ಕೇಳಿಬರುವಂಥದು. ಮಗನೋ ಮಗಳೋ ವಿಜ್ಞಾನ ವಿಭಾಗಕ್ಕೆ ಹೆಸರು ಹಚ್ಚಿದ ದಿನ ಹಿರಿಯರು ಈ ಮಾತನ್ನಾಡಿ ಹರಸುವುದುಂಟು. ಆದರೆ ಹಿಂದೆ ನಿಂತ ಗುರುವಿಗೂ ಮುಂದೆ ನಡೆಯುವ ಶಿಷ್ಯನಿಗೂ ನಡುವೆ ಮಾತುಕತೆ ಹೇಗೆ ನಡೆಯಬೇಕೆಂಬುದನ್ನು ಈ ಗಾದೆಯು ಹೇಳುವುದಿಲ್ಲ. ಗುರುವಿದ್ದೂ ಮಾತಿಲ್ಲದಿದ್ದರೆ ಶಿಷ್ಯನು ಅರ್ಧದಾರಿಯಲ್ಲಿ ನಿಂತುಬಿಡುವ ಸಂಭವವುಂಟು. ಅದರಲ್ಲಿಯೂ ಯಾವ ಮನೆಯಿಂದ, ಯಾವ ಊರಿನಿಂದ, ಯಾವ ಸಮಾಜದಿಂದ ಇದುವರೆಗೆ ಹೆಚ್ಚು ಜನ ವಿಜ್ಞಾನದ ಉಚ್ಚ ಶಿಕ್ಷಣಕ್ಕೆ ಹೋಗಿಲ್ಲವೋ ಅಲ್ಲಿಯ ಮಕ್ಕಳಿಗೆ ಈ ಮಾತುಕತೆಯೇ ಜೀವಾಳ. ಅದನ್ನು ಮೊದಲು ಆರಂಭಿಸುವ ಹೊಣೆಯು ಮಕ್ಕಳದಲ್ಲ, ಹಿರಿಯರದು. ಇದನ್ನು ಓದುಗ ಬಂಧುಭಗಿನಿಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾಂದಣಿ, ಶಿರೋಳ, ಕುರುಂದವಾಡಗಳ ಸುತ್ತಲಿನ ನಮ್ಮ ಊರುಗಳನ್ನೇ ನೋಡಿರಿ. ಹಲವು ಮನೆಗಳಲ್ಲಿ ಅವ್ವನ ಮಾತು ಕನ್ನಡ. ಶಾಲೆಯ ಮಾತು ಮರಾಠಿ. ಹತ್ತನೆಯ ಇಯತ್ತೆ ದಾಟಿ ಜಯಸಿಂಗಪುರಕ್ಕೋ ಸಾಂಗಲಿಗೋ ಕೊಲ್ಹಾಪುರಕ್ಕೋ ಹೋದೊಡನೆ ವಿಜ್ಞಾನದ ಮಾತು ಇಂಗ್ಲೀಷು. ಗಡಹಿಂಗ್ಲಜದ ಕಡೆಯಲ್ಲಿಯೂ ಇಚಲಕರಂಜಿಯ ಮಗ್ಗದ ಓಣಿಗಳಲ್ಲಿಯೂ ಇದೇ ಸ್ಥಿತಿಯ ಮನೆಗಳಿವೆ. ಕಬ್ಬಿನ ಗದ್ದೆಯಲ್ಲಿಯೋ ಮಗ್ಗದ ಮೇಲೆಯೋ ದಿನವಿಡೀ ದುಡಿದು ಬಂದ ತಂದೆಯು ಮಗಳ ಭೌತಶಾಸ್ತ್ರದ ಪುಸ್ತಕವನ್ನು ತೆರೆದು ನೋಡಿದರೂ ಆತನಿಗೆ ತಿಳಿಯುವುದು ಅಲ್ಲಿಯ ಚಿತ್ರಗಳಷ್ಟೇ.

ಇಂತಹ ಮನೆಯ ಹುಡುಗಿಯೊಬ್ಬಳು ಹತ್ತನೆಯ ಇಯತ್ತೆಯಲ್ಲಿ ಶಾಲೆಗೇ ಮೊದಲಿಗಳಾಗಿ ಬಂದು, ಹನ್ನೊಂದನೆಯದರ ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣಳಾದಳೆಂದು ಭಾವಿಸಿರಿ. ತನಗೆ ಬುದ್ಧಿಯೇ ಇಲ್ಲವೆಂದು ಆಕೆ ತಿಳಿಯುತ್ತಾಳೆ. ಹುಡುಗಿ ಅಭ್ಯಾಸ ಮಾಡುವುದಿಲ್ಲವೆಂದು ಪ್ರಾಧ್ಯಾಪಕರು ತಿಳಿಯುತ್ತಾರೆ. ವಿಜ್ಞಾನವು ನಮ್ಮಂಥವರಿಗಲ್ಲವೆಂದು ಪಾಲಕರು ತಿಳಿಯುತ್ತಾರೆ. ಮೂವರ ತಿಳಿವಳಿಕೆಯೂ ತಪ್ಪು. ಆದರೆ ಮೂವರೂ ಒಂದೆಡೆ ಕುಳಿತು ಮಾತನಾಡುವುದಿಲ್ಲ. ಕೆಲವು ತಿಂಗಳಲ್ಲಿ ಆಕೆ ಬೇರೆ ವಿಭಾಗಕ್ಕೆ ಹೋಗುತ್ತಾಳೆ. ಇಲ್ಲವೆ ಮನೆಯಲ್ಲಿ ವರಾನ್ವೇಷಣೆ ಆರಂಭವಾಗುತ್ತದೆ. ಬೇರೆ ವಿಭಾಗಗಳು ಕಡಿಮೆಯವೆಂದು ಇದರ ಅರ್ಥವಲ್ಲ. ತಾನಾಗಿ ಇಚ್ಛಿಸಿ ಹೋಗುವುದು ಬೇರೆ, ಮಾತಿಲ್ಲದೆ ಹೊರದೂಡಲ್ಪಡುವುದು ಬೇರೆ.

ಬೆಂಗಳೂರಿನ ವಿಜ್ಞಾನ ಮಂದಿರದ ಬಾಗಿಲಲ್ಲಿ

ಮಾರ್ಗದರ್ಶಕರ ಮಾತಿಗೆ ಎಷ್ಟು ಶಕ್ತಿಯಿದೆಯೆಂಬುದನ್ನು ಅರಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಹಳೆಯ ಪ್ರಸಂಗಗಳನ್ನು ನೆನೆಯಬೇಕು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ಪಡೆದ ಕಮಲಾ ಭಾಗವತ ಎಂಬ ತರುಣಿ ಸಂಶೋಧನೆಗಾಗಿ ಅಲ್ಲಿಗೆ ಅರ್ಜಿ ಹಾಕಿದಳು. ಆಕೆಯ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ. ವಿ. ರಾಮನ್ನರು. ಹೆಣ್ಣುಮಗಳೆಂಬ ಕಾರಣದಿಂದ ಅವರು ಪ್ರವೇಶವನ್ನು ನಿರಾಕರಿಸಿದರು. ಕಮಲಾ ಸುಮ್ಮನಾಗಲಿಲ್ಲ. ಬೆಂಗಳೂರಿಗೆ ಹೋಗಿ ಎದುರು ನಿಂತು ಕಾರಣ ಕೇಳಿದಳು, ಸತ್ಯಾಗ್ರಹದ ಹಾದಿಯನ್ನು ಹಿಡಿದಳು. ಕೊನೆಗೆ ಪ್ರವೇಶ ದೊರೆಯಿತು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಆಕೆಯನ್ನು ಪೂರ್ಣ ವಿದ್ಯಾರ್ಥಿನಿಯೆಂದು ಪರಿಗಣಿಸತಕ್ಕದ್ದಲ್ಲ. ಮಾರ್ಗದರ್ಶಕರು ಹೇಳಿದಾಗ ರಾತ್ರಿಯಲ್ಲಿಯೂ ಕೆಲಸ ಮಾಡತಕ್ಕದ್ದು. ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸತಕ್ಕದ್ದಲ್ಲ. ಈ ಮಾತುಗಳಿಂದಾದ ನೋವನ್ನು ಆಕೆ ವೃದ್ಧಾಪ್ಯದಲ್ಲಿಯೂ ಮರೆತಿರಲಿಲ್ಲ. ಅದನ್ನು ಬಹಿರಂಗವಾಗಿಯೇ ಹೇಳಿದ್ದುಂಟು.

ಅದೇ ಸಂಸ್ಥೆಯಲ್ಲಿ ಆಕೆಗೆ ಮಾರ್ಗದರ್ಶಕರಾಗಿ ದೊರೆತವರು ಎಂ. ಶ್ರೀನಿವಾಸಯ್ಯನವರು. ಅವರೂ ಸಡಿಲ ಮನುಷ್ಯರಲ್ಲ, ಕಟ್ಟುನಿಟ್ಟಿನ ಶಿಸ್ತಿನವರು. ಆದರೆ ಅವರ ನಿಷ್ಠುರತೆಯು ಕೆಲಸದ ಕುರಿತಾಗಿತ್ತು, ಕೆಲಸ ಮಾಡುವವಳು ಹೆಣ್ಣೆಂಬುದರ ಕುರಿತಲ್ಲ. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಆಕೆ ಅವರ ಕೈಕೆಳಗೆ ಸಂಶೋಧನೆ ಮಾಡಿ 1936ರಲ್ಲಿ ಎಂ.ಎಸ್ಸಿ. ಪದವಿ ಪಡೆದಳು. ಆಕೆಯ ಕೆಲಸವನ್ನು ಕಂಡ ಬಳಿಕ ರಾಮನ್ನರೂ ಮನಸ್ಸು ಬದಲಿಸಿ ಸಂಸ್ಥೆಯ ಬಾಗಿಲನ್ನು ಬೇರೆ ಹೆಣ್ಣುಮಕ್ಕಳಿಗೂ ತೆರೆದರು. ಕಮಲಾ ಮುಂದೆ ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೋಗಿ, ಸಸ್ಯಗಳ ಉಸಿರಾಟದಲ್ಲಿ ಪಾತ್ರವಹಿಸುವ ಸೈಟೋಕ್ರೋಮ್-ಸಿ ಎಂಬ ದ್ರವ್ಯದ ಮೇಲೆ ಕೆಲಸ ಮಾಡಿ 1939ರಲ್ಲಿ ಪಿಎಚ್.ಡಿ. ಗಳಿಸಿದರು. ವಿವಾಹಾನಂತರ ಕಮಲಾ ಸೋಹೊನಿ ಎಂದು ಪ್ರಸಿದ್ಧರಾದ ಅವರು ನೀರಾ ಪಾನೀಯದ ಪೌಷ್ಟಿಕ ಗುಣಗಳ ಮೇಲೆ ಮಾಡಿದ ಕೆಲಸವು ಬಡವರ ಆಹಾರದ ಪ್ರಶ್ನೆಗೆ ಸಂಬಂಧಿಸಿದ್ದು.

ಒಂದೇ ಸಂಸ್ಥೆ, ಒಬ್ಬಳೇ ವಿದ್ಯಾರ್ಥಿನಿ, ಎರಡು ಬಗೆಯ ಮಾತು. "ನೀನು ಇಲ್ಲಿಗೆ ಸಲ್ಲುವವಳೇ ಅಲ್ಲ" ಎಂಬುದು ಒಂದರ ಧ್ವನಿ. "ಈ ಕೆಲಸ ಇನ್ನೂ ಸರಿಯಾಗಬೇಕು" ಎಂಬುದು ಇನ್ನೊಂದರದು. ಶಿಷ್ಯರು ಎರಡನೆಯದನ್ನು ಎಷ್ಟು ಕಠಿನವಾಗಿದ್ದರೂ ಸಹಿಸಬಲ್ಲರು. ಮೊದಲನೆಯದನ್ನು ಮೀರಿ ನಿಲ್ಲಲು ಕಮಲಾರ ಛಲ ಬೇಕು, ಬೆನ್ನ ಹಿಂದೆ ವಿದ್ಯಾವಂತ ಮನೆತನವೂ ಬೇಕು. ಇವೆರಡೂ ಎಲ್ಲ ಮಕ್ಕಳಿಗೂ ಇರುವುದಿಲ್ಲ.

ಅದೇ ವಿಜ್ಞಾನ ಮಂದಿರದಲ್ಲಿ 1940ರಿಂದ ರಾಮನ್ನರ ಬಳಿಯೇ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಭ್ಯಸಿಸಿದ ಅಣ್ಣಾ ಮಣಿಯವರ ಕಥೆಯು ಬೇರೊಂದು ಪಾಠವನ್ನು ಹೇಳುತ್ತದೆ. ಒಂದೊಂದು ಛಾಯಾಚಿತ್ರ ಮೂಡಲು ಹದಿನೈದು ಇಪ್ಪತ್ತು ತಾಸು ಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. 1945ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನು ಸಲ್ಲಿಸಿದಾಗ, ಎಂ.ಎಸ್ಸಿ. ಪದವಿ ಇಲ್ಲವೆಂಬ ಒಂದೇ ನಿಯಮವನ್ನು ಮುಂದಿಟ್ಟು ಅವರಿಗೆ ಪಿಎಚ್.ಡಿ. ನಿರಾಕರಿಸಲಾಯಿತು. ಅವರು ಎದೆಗುಂದದೆ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆಯನ್ನು ಕಲಿತು ಬಂದು, 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಈ ದೇಶದಲ್ಲಿಯೇ ಉಪಕರಣಗಳನ್ನು ತಯಾರಿಸುವ ಕಾರ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು. ಆದರೂ ಐದು ವರ್ಷಗಳ ದುಡಿಮೆಗೆ ಸಲ್ಲಬೇಕಾದ ಪದವಿ ಸಲ್ಲಲಿಲ್ಲ. ಯಾವ ಪದವಿಗೆ ಯಾವ ಅರ್ಹತೆ ಬೇಕು, ಯಾವ ಅರ್ಜಿಗೆ ಯಾವ ದಿನಾಂಕ ಕೊನೆಯದು ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ಮಾತನಾಡಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ವಿದ್ಯಾವಂತ ಮನೆತನದ ಮಕ್ಕಳಿಗೆ ಇಂತಹ ಸಂಗತಿಗಳು ಊಟದ ಹೊತ್ತಿನ ಮಾತಿನಲ್ಲಿಯೇ ತಿಳಿದುಬರುತ್ತವೆ. ಉಳಿದವರಿಗೆ ಗುರುವೇ ಹೇಳಬೇಕು.

ಕನ್ನಡತಿಯೇ ಆದ ರಾಜೇಶ್ವರಿ ಚಟರ್ಜಿಯವರನ್ನು ಇಲ್ಲಿ ಸ್ಮರಿಸದಿರಲಾಗದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ ಅವರಿಗೆ, ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣದಿಂದ ರಾಮನ್ನರ ಬಳಿ ಅವಕಾಶ ದೊರೆಯಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿದರು. ಮುಂದೆ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪ್ರೊ. ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದು 1953ರಲ್ಲಿ ಮರಳಿದರು. ಬಳಿಕ ಬೆಂಗಳೂರಿನಲ್ಲಿಯೇ ಅಧ್ಯಾಪಕಿಯಾಗಿ ಮೈಕ್ರೋವೇವ್ ತಂತ್ರಜ್ಞಾನವನ್ನು ಬೋಧಿಸಿ, 20 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ತಾವೇ ಮಾರ್ಗದರ್ಶಕರಾದರು. ಒಂದು ಬಾಗಿಲು ಮುಚ್ಚಿದರೂ ಮತ್ತೊಂದು ವಿಭಾಗ, ಮತ್ತೊಬ್ಬ ಗುರು ಇರುವ ಸಾಧ್ಯತೆಯನ್ನು ಮಕ್ಕಳಿಗೆ ಹೇಳಲು ಅವರ ಜೀವನಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ತಪ್ಪು ತಿದ್ದುವ ರೀತಿ

ಮಾರ್ಗದರ್ಶಕರ ಎದುರಿಗೆ ಯಾವಾಗಲೂ ಒಂದು ಸಂದಿಗ್ಧವಿರುತ್ತದೆ. ತಪ್ಪನ್ನು ನೇರವಾಗಿ ಹೇಳಿದರೆ ಮೊದಲೇ ಅಳುಕಿರುವ ಶಿಷ್ಯನು ಕುಗ್ಗಬಹುದು. ಹೇಳದಿದ್ದರೆ ಆತನು ಕಲಿಯುವುದೇ ಇಲ್ಲ. ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಜೆಫ್ರಿ ಕೋಹೆನ್, ಕ್ಲಾಡ್ ಸ್ಟೀಲ್, ಲೀ ರಾಸ್ ಎಂಬವರು 1999ರಲ್ಲಿ ಪ್ರಕಟಿಸಿದ ಅಭ್ಯಾಸವೊಂದು ಈ ಸಂದಿಗ್ಧದ ಮೇಲೆ ಬೆಳಕು ಚೆಲ್ಲುತ್ತದೆ. ಕರಿಯ ಹಾಗೂ ಬಿಳಿಯ ವಿದ್ಯಾರ್ಥಿಗಳಿಂದ ಅವರು ತಮ್ಮ ಮೆಚ್ಚಿನ ಶಿಕ್ಷಕರ ಕುರಿತು ಪ್ರಶಂಸಾಪತ್ರಗಳನ್ನು ಬರೆಯಿಸಿದರು. ಬಿಳಿಯ ವಿಮರ್ಶಕರೊಬ್ಬರು ನೋಡಿದ್ದಾರೆಂದು ತಿಳಿಸಿ, ತಿದ್ದುಪಡಿಗಳೊಡನೆ ಆ ಬರಹಗಳನ್ನು ಹಿಂದಿರುಗಿಸಿದರು. ಕೆಲವರಿಗೆ ಬರಿಯ ಟೀಕೆ. ಕೆಲವರಿಗೆ ಟೀಕೆಯೊಡನೆ ಸಾಮಾನ್ಯ ಹೊಗಳಿಕೆ. ಉಳಿದವರಿಗೆ ಅದೇ ಟೀಕೆಯೊಡನೆ ಎರಡು ಮಾತು: ಇಲ್ಲಿ ಅಪೇಕ್ಷಿಸುವ ಮಟ್ಟವು ಎತ್ತರದ್ದು, ನೀನು ಅದನ್ನು ಮುಟ್ಟಬಲ್ಲೆಯೆಂಬ ವಿಶ್ವಾಸ ನನಗಿದೆ.

ಬರಿಯ ಟೀಕೆಯನ್ನು ಪಡೆದ ಕರಿಯ ವಿದ್ಯಾರ್ಥಿಗಳು ಅದನ್ನು ಪಕ್ಷಪಾತವೆಂದು ಶಂಕಿಸಿದ್ದು ಹೆಚ್ಚು. ಸಾಮಾನ್ಯ ಹೊಗಳಿಕೆಯು ಆ ಶಂಕೆಯನ್ನು ಸಾಕಷ್ಟು ನೀಗಲಿಲ್ಲ. ಎತ್ತರದ ಮಟ್ಟ ಮತ್ತು ವಿಶ್ವಾಸ, ಇವೆರಡನ್ನೂ ಸ್ಪಷ್ಟವಾಗಿ ಹೇಳಿದಾಗಲೇ ಅವರು ಟೀಕೆಯನ್ನು ಒಪ್ಪಿ, ಬರಹವನ್ನು ತಿದ್ದಲು ಉತ್ಸುಕರಾದರು. ನಮ್ಮಲ್ಲಿಯ ಜಾತಿ, ಲಿಂಗ, ಹಳ್ಳಿ, ಭಾಷೆಗಳ ಭೇದವು ಅಲ್ಲಿಯ ವರ್ಣಭೇದದಂತೆಯೇ ಅಲ್ಲ. ಆದರೆ "ಇವರು ನನ್ನ ಉತ್ತರವನ್ನು ನೋಡುತ್ತಿದ್ದಾರೆಯೋ, ನನ್ನ ಅಡ್ಡಹೆಸರನ್ನು ನೋಡುತ್ತಿದ್ದಾರೆಯೋ" ಎಂಬ ಶಂಕೆ ನಮ್ಮ ಮಕ್ಕಳಿಗೂ ಅಪರಿಚಿತವಲ್ಲ. ಅದನ್ನು ಕಳೆಯಲು ಗುರುವು ಬಾಯಿಂದ ಆಡಿ ಹೇಳಬೇಕು. ಮನಸ್ಸಿನಲ್ಲಿ ಎಷ್ಟೇ ವಾತ್ಸಲ್ಯವಿದ್ದರೂ ಅದು ಹೊರಗೆ ಬಾರದಿದ್ದರೆ ಶಿಷ್ಯನಿಗೆ ಹೇಗೆ ತಿಳಿಯಬೇಕು?

ತ್ವರಣವೋ, ವೇಗೋತ್ಕರ್ಷವೋ?

ಗಡಿನಾಡಿನ ಮಕ್ಕಳಿಗೆ ಇನ್ನೊಂದು ತೊಡಕುಂಟು, ಅದು ಶಬ್ದಗಳದು. ಮರಾಠಿ ಪಠ್ಯಪುಸ್ತಕದ "ತ್ವರಣ"ವು ಕನ್ನಡದ "ವೇಗೋತ್ಕರ್ಷ". ಕಾಲೇಜಿನಲ್ಲಿ ಅದೇ "ಆಕ್ಸೆಲರೇಶನ್". ಮರಾಠಿಯ "ವಸ್ತುಮಾನ"ವು ಕನ್ನಡದ "ದ್ರವ್ಯರಾಶಿ", ಕಾಲೇಜಿನ "ಮಾಸ್". ಮನೆಯಲ್ಲಿ ಬೆಲ್ಲ ತೂಗುವಾಗ ಇವೆಲ್ಲಕ್ಕೂ ಒಂದೇ ಮಾತು, "ತೂಕ". ಕಲ್ಪನೆಯು ಸ್ಪಷ್ಟವಿದ್ದರೂ ಶಬ್ದವು ಹೊಸದಾದುದರಿಂದ ಮಗು ತಡವರಿಸುತ್ತದೆ. ಆ ತಡವರಿಕೆಯನ್ನು ಅಜ್ಞಾನವೆಂದು ಭಾವಿಸುವುದು ಸುಲಭ.

ಇದು ಬರಿಯ ಊಹೆಯಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1974ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಪ್ರೊ. ವಿ. ಜಿ. ಕುಲಕರ್ಣಿಯವರು ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ನಗರಪಾಲಿಕೆಯ ಶಾಲೆಗಳ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳೊಡನೆ ಕೆಲಸ ಮಾಡಿದರು. ಆ ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬೀಳಲು ಬುದ್ಧಿಯ ಕೊರತೆ ಕಾರಣವಲ್ಲ, ಪಠ್ಯದ ಭಾಷೆಯೇ ದೊಡ್ಡ ಅಡ್ಡಗೋಡೆ ಎಂಬುದು ಅವರ ಅನುಭವಕ್ಕೆ ಬಂದಿತು. ಮಾತೃಭಾಷೆ ಮರಾಠಿಯೇ ಆಗಿದ್ದರೂ ಪುಸ್ತಕದ ಮರಾಠಿಯು ಮಕ್ಕಳ ಮರಾಠಿಯಾಗಿರಲಿಲ್ಲ. ಭಾಷೆಯನ್ನು ಸರಳಗೊಳಿಸಿ, ಮಕ್ಕಳೊಡನೆ ಕುಳಿತು ಮಾತನಾಡಿ, ಪ್ರಶ್ನೆಗಳನ್ನು ಕೇಳಿಸಿದಾಗ ಫಲಿತಾಂಶವು ಸುಧಾರಿಸಿತು. ಒಂದೇ ಭಾಷೆಯೊಳಗೆ ಹೀಗಾದರೆ, ಮೂರು ಭಾಷೆಗಳನ್ನು ದಾಟಿಹೋಗುವ ನಮ್ಮ ಮಕ್ಕಳ ಪಾಡನ್ನು ನೀವೇ ಊಹಿಸಿರಿ.

ಆದ್ದರಿಂದ ಗಡಿನಾಡಿನ ವಿದ್ಯಾರ್ಥಿಗೆ ಒಂದು ಸಣ್ಣ ವಹಿ ಇರಲಿ. ಪ್ರತಿಯೊಂದು ಪುಟದಲ್ಲಿ ಮೂರು ಕಲಮುಗಳು: ಮರಾಠಿ, ಕನ್ನಡ, ಇಂಗ್ಲೀಷು. ಹೊಸ ಶಬ್ದ ಬಂದಾಗಲೆಲ್ಲ ಮೂರರಲ್ಲಿಯೂ ಬರೆದು, ಅದರ ಕೆಳಗೆ ಮನೆಯ ಮಾತಿನಲ್ಲಿ ಒಂದು ವಾಕ್ಯದ ಅರ್ಥವನ್ನು ಬರೆಯಲಿ. ಮಾರ್ಗದರ್ಶಕರು ವಾರಕ್ಕೊಮ್ಮೆ ಆ ವಹಿಯನ್ನು ನೋಡಿದರೆ ಶಿಷ್ಯನು ಎಲ್ಲಿ ಎಡವಿದ್ದಾನೆಂಬುದು ಕೂಡಲೆ ತಿಳಿಯುವುದು.

ನಮ್ಮ ನೆಲದ ಪರಂಪರೆ

ಹೊಸಬರ ಕೈಹಿಡಿದು ಕರೆದೊಯ್ಯುವ ಕಾರ್ಯವು ಈ ನೆಲಕ್ಕೆ ಹೊಸದಲ್ಲ. ರಾಜರ್ಷಿ ಶಾಹೂ ಮಹಾರಾಜರು 1901ರಿಂದ ಕೊಲ್ಹಾಪುರದಲ್ಲಿ ಬೇರೆ ಬೇರೆ ಸಮಾಜಗಳ ವಸತಿಗೃಹಗಳಿಗೆ ಆಶ್ರಯವಿತ್ತರು. ನಮ್ಮ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಸಾತಾರದ ವಸತಿಗೃಹದಲ್ಲಿ ಎಲ್ಲ ಜಾತಿಯ ಬಡಮಕ್ಕಳನ್ನು ಒಂದೇ ಮನೆಯಲ್ಲಿ ಇರಿಸಿ, ದುಡಿಯುತ್ತ ಕಲಿಯುವ ಪದ್ಧತಿಯನ್ನು ತಂದರು. ಅವರ ಪತ್ನಿ ಲಕ್ಷ್ಮೀಬಾಯಿಯವರು ಮಕ್ಕಳ ಊಟಕ್ಕಾಗಿ ತಮ್ಮ ಒಡವೆಗಳನ್ನೇ ಮಾರಿದ ತ್ಯಾಗವು ಎಲ್ಲರಿಗೂ ತಿಳಿದದ್ದು. ಕರ್ಮವೀರರು ತಾವಾಗಿ ಉಚ್ಚ ಪದವಿಗಳನ್ನು ಪಡೆದವರಲ್ಲ. ಮಾರ್ಗದರ್ಶನಕ್ಕೆ ದೊಡ್ಡ ಪದವಿಯೇ ಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಅವರೇ ಸಾಕ್ಷಿ. ಭೌತಶಾಸ್ತ್ರ ಬಾರದ ತಾಯಿಯೂ "ಇವತ್ತು ಏನು ತಿಳೀಲಿಲ್ಲವ್ವಾ?" ಎಂದು ಸಂಜೆ ಕೇಳಬಲ್ಲಳು. ಆ ಪ್ರಶ್ನೆಗೆ ಉತ್ತರಿಸುವಾಗಲೇ ಮಗಳಿಗೆ ತನ್ನ ತೊಡಕು ಅರ್ಧದಷ್ಟು ಬಿಡಿಸಿದಂತಾಗುವುದು.

ಏನು ಮಾಡಬೇಕು?

ಮಾರ್ಗದರ್ಶಕರಾಗಬಯಸುವವರು ಮೊದಲ ಭೆಟ್ಟಿಯಲ್ಲಿಯೇ ಮೂರು ಸಂಗತಿಗಳನ್ನು ನಿಶ್ಚಯಿಸಬೇಕು: ಯಾವ ದಿನ, ಯಾವ ಹೊತ್ತಿಗೆ ಮಾತು, ಯಾವ ವಿಷಯಗಳಲ್ಲಿ ನೆರವು, ಯಾವುದು ತಮ್ಮಿಂದ ಆಗದು. ಕೊನೆಯದನ್ನು ಮುಚ್ಚುಮರೆಯಿಲ್ಲದೆ ಹೇಳುವುದರಿಂದ ಮುಂದಿನ ಬೇಸರಗಳು ತಪ್ಪುತ್ತವೆ. "ತಿಳಿಯಿತೇ?" ಎಂದು ಮಾತ್ರ ಕೇಳಬಾರದು. ನಮ್ಮ ಮಕ್ಕಳು "ಹೌದ್ರೀ ಸರ್" ಎಂದು ತಲೆಯಾಡಿಸುವುದು ಗೌರವದಿಂದ, ತಿಳಿದದ್ದರಿಂದಲೇ ಅಲ್ಲ. "ನೀನೇ ಒಂದು ಸಲ ಹೇಳಿ ತೋರಿಸು, ನಿನಗೆ ಬಂದ ಭಾಷೆಯಲ್ಲಿ ಹೇಳು" ಎಂದರೆ ನಿಜಸ್ಥಿತಿ ಹೊರಬೀಳುತ್ತದೆ. ತಪ್ಪನ್ನು ತೋರಿಸುವಾಗ ಮುಂದಿನ ಹೆಜ್ಜೆಯನ್ನೂ ಹೇಳಬೇಕು: ಈ ಎರಡು ಲೆಕ್ಕಗಳನ್ನು ಬುಧವಾರದೊಳಗೆ ಬಿಡಿಸು, ಆ ಮೇಲೆ ನೋಡೋಣ. ತಾವು ಓದುವಾಗ ಎಡವಿದ್ದನ್ನು ಹೇಳಿಕೊಂಡರೆ ಶಿಷ್ಯನ ಅಳುಕು ಕರಗುತ್ತದೆ.

ವಿದ್ಯಾರ್ಥಿಗಳು ಬರಿಗೈಯಿಂದ ಗುರುವಿನ ಬಳಿ ಹೋಗಬಾರದು. "ನನಗೆ ಏನೂ ತಿಳಿಯುವುದಿಲ್ಲ" ಎಂಬ ಮಾತಿಗೆ ಯಾರೂ ಉತ್ತರ ಕೊಡಲಾರರು. "ಮೂರನೆಯ ಪಾಠದ ಈ ಲೆಕ್ಕದಲ್ಲಿ ಈ ಸಾಲಿನವರೆಗೆ ತಿಳಿಯಿತು, ಮುಂದಿನದು ತಿಳಿಯಲಿಲ್ಲ" ಎಂದರೆ ಐದು ನಿಮಿಷದಲ್ಲಿ ಪರಿಹಾರ ಸಿಗಬಹುದು. ದೂರವಾಣಿಯಲ್ಲಿ ಕೇಳುವುದಾದರೂ ಪ್ರಶ್ನೆಯನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿರಿ. ಗುರುವು ಒಮ್ಮೆ ಉತ್ತರಿಸದಿದ್ದರೆ ಅದನ್ನು ತಿರಸ್ಕಾರವೆಂದು ತಿಳಿಯದೆ ಎಂಟು ದಿನ ಬಿಟ್ಟು ಮತ್ತೊಮ್ಮೆ ವಿನಯದಿಂದ ಕೇಳಿರಿ. ಒಬ್ಬರನ್ನೇ ನೆಚ್ಚಬೇಡಿರಿ, ಪಾಠಕ್ಕೊಬ್ಬರು, ಧೈರ್ಯಕ್ಕೊಬ್ಬರು, ಅರ್ಜಿ ಹಾಗೂ ಶಿಷ್ಯವೃತ್ತಿಗಳ ಮಾಹಿತಿಗೊಬ್ಬರು ಇದ್ದರೆ ಒಳ್ಳೆಯದು.

ಪಾಲಕರಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳ ಪಾಲಕರಲ್ಲಿ, ಒಂದು ಬಿನ್ನಹ. ಮಗಳ ಮಾರ್ಗದರ್ಶಕರನ್ನು ನೀವೂ ಒಮ್ಮೆ ಕಂಡು ಮಾತನಾಡಿರಿ. ಭೆಟ್ಟಿಯು ವಾಚನಾಲಯ, ತರಗತಿಗಳಂತಹ ತೆರೆದ ಸ್ಥಳದಲ್ಲಿ, ಎಲ್ಲರಿಗೂ ತಿಳಿದ ಹೊತ್ತಿನಲ್ಲಿ ನಡೆಯಲಿ. ಯಾರಾದರೂ ಅಸಭ್ಯವಾಗಿ ವರ್ತಿಸಿದರೆ ಮಗಳು ಮೊದಲು ನಿಮ್ಮೆದುರು ಹೇಳುವಷ್ಟು ಸಲಿಗೆ ಮನೆಯಲ್ಲಿರಬೇಕು. ಹೇಳಿದೊಡನೆ ಆಕೆಯ ಓದನ್ನು ಬಿಡಿಸುವುದಾದರೆ ಮುಂದೆ ಯಾವ ಮಗಳೂ ಹೇಳಲಾರಳು. 2013ರ ಕಾಯದೆಯ ಪ್ರಕಾರ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರಬೇಕು; ಅದಕ್ಕೆ ದೂರು ಸಲ್ಲಿಸುವ ಹಕ್ಕು ಆಕೆಗಿದೆ. ತಪ್ಪು ಮಾಡಿದವನು ಹೊರಹೋಗಬೇಕೇ ಹೊರತು ಓದುವವಳಲ್ಲ.

ಕೊನೆಯದಾಗಿ, ನಮ್ಮ ಊರುಗಳಿಂದ ಹೊರಟು ಪುಣೆ, ಬೆಂಗಳೂರು, ಮುಂಬಯಿಗಳಲ್ಲಿ ಇಂಜಿನಿಯರರೋ ವೈದ್ಯರೋ ಪ್ರಾಧ್ಯಾಪಕರೋ ಆಗಿರುವ ಬಂಧುಗಳಲ್ಲಿ ವಿನಂತಿ. ಊರಿನ ಶಾಲೆಗೆ ಹಣ ಕಳಿಸುವ ನಿಮ್ಮ ಔದಾರ್ಯ ದೊಡ್ಡದು. ಅದರ ಜೊತೆಗೆ ತಿಂಗಳಿಗೆ ಎರಡು ತಾಸು ಸಮಯವನ್ನೂ ಕೊಡಿರಿ. ಊರಿನ ಮಗುವು ತಾನಾಗಿ ನಿಮಗೆ ಪತ್ರ ಬರೆಯಲೆಂದು ಕಾಯಬೇಡಿರಿ. ಅದಕ್ಕೆ ಅಷ್ಟು ಧೈರ್ಯವಿದ್ದಿದ್ದರೆ ನಿಮ್ಮ ನೆರವೇ ಬೇಕಾಗುತ್ತಿರಲಿಲ್ಲ. ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ವಾರದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಸಂಪರ್ಕಿಸಿ, ವಿಜ್ಞಾನಕ್ಕೆ ಹೋಗಬಯಸುವ ಒಂದು ಮಗುವಿನ ಪಾಲಕರ ಒಪ್ಪಿಗೆ ಪಡೆಯಿರಿ. ಆಮೇಲೆ ಮೊದಲ ಮಾತನ್ನು ನೀವೇ ಆಡಿರಿ: "ತಂಗೀ, ನಾನೂ ನಮ್ಮ ಊರಿನವನೇ. ಹನ್ನೊಂದನೆಯದರ ಮೊದಲ ಪರೀಕ್ಷೆ ಎಲ್ಲರಿಗೂ ಕಠಿನ. ನಿನಗೆ ಬರುತ್ತದೆ. ಬರುವ ರವಿವಾರ ಸಂಜೆ ಆರಕ್ಕೆ ಮಾತಾಡೋಣ, ನಿನ್ನ ಪುಸ್ತಕ ಹತ್ತಿರ ಇಟ್ಟುಕೊಂಡಿರು."